ಈ ವಿಷಯದಲ್ಲಿ ಮಾತ್ರ ಅವರು ಸರಿ

ನಿನ್ನೆ ಎಲೆಯ ಮುಂದೆ ಕುಳಿತು ಕೇಳಿದ ಒಂದು ಮಾತು ಇವತ್ತು ಬೆಳಗಿನ ಹರಾಜಿನ ಗದ್ದಲದಲ್ಲೂ ಕಿವಿ ಬಿಟ್ಟು ಹೋಗಲಿಲ್ಲ. ಟೊಮೆಟೊ ದರ ನೋಡಲೆಂದೇ ನನ್ನ ಫೇಸ್‌ಬುಕ್ ಗೋಡೆಗೆ ಬರುವವರು ಇವತ್ತೊಂದು ದಿನ ಕ್ಷಮಿಸಬೇಕು. ದರ ಕೊನೆಯಲ್ಲೂ ಇಲ್ಲ.

ಬಂಧುಗಳೊಬ್ಬರ ಗೃಹಪ್ರವೇಶ. ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಬಂದು ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತು. ಪಕ್ಕದಲ್ಲಿದ್ದ ಹಿರಿಯರು ಎಡಗೈಯಲ್ಲಿ ಮೊಬೈಲ್ ಹಿಡಿದು "ಇದನ್ನು ನೋಡಿದೆಯೇನಪ್ಪಾ" ಎಂದು ನನ್ನ ಎಲೆಯ ಮೇಲಕ್ಕೇ ಚಾಚಿದರು. ವಿಡಿಯೊ. ಒಂದು ವೇದಿಕೆ. ಬಿಳಿ ನಿಲುವಂಗಿ ತೊಟ್ಟ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಕಣ್ಣು ಮಾತ್ರ ಕಾಣುವಂತೆ ಮುಸುಕು ಹಾಕಿಕೊಂಡವನೊಬ್ಬ ಬೆತ್ತ ಬೀಸುತ್ತಿದ್ದಾನೆ. ಯಾರೋ ಏಟು ಎಣಿಸುತ್ತಿದ್ದಾರೆ. ಕೆಳಗೆ ನಿಂತ ಜನ ಮೊಬೈಲ್ ಎತ್ತಿ ಹಿಡಿದಿದ್ದಾರೆ, ನಮ್ಮಲ್ಲಿ ತೇರು ಎಳೆಯುವಾಗ ಹಿಡಿಯುತ್ತೇವಲ್ಲ, ಹಾಗೆ. "ಗಂಡಸರಿಬ್ಬರು ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದರಂತೆ, ಇಂಡೋನೇಷ್ಯಾದಲ್ಲಿ" ಎಂದ ಹಿರಿಯರು, ಬೆರಳಿಗೆ ಅಂಟಿದ್ದ ಹೂರಣ ನೆಕ್ಕಿ ತೀರ್ಪು ಕೊಟ್ಟರು: "ನೀನು ಏನೇ ಹೇಳು, ಈ ವಿಷಯದಲ್ಲಿ ಮಾತ್ರ ಅವರು ಸರಿ."

'ಅವರು' ಎಂದರೆ ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಿರಿಯರು ವರ್ಷಪೂರ್ತಿ 'ಅವರ' ಅಂಗಡಿಯಲ್ಲಿ ಹಣ್ಣು ಕೊಳ್ಳಬೇಡಿ, 'ಅವರ' ಆಟೊ ಹತ್ತಬೇಡಿ ಎಂದು ಶುಭೋದಯದ ಗುಲಾಬಿಯ ಜೊತೆಗೆ ಸಂದೇಶ ಕಳಿಸುವವರು. 'ಅವರ' ಮತಾಂಧತೆ ದೇಶವನ್ನೇ ನುಂಗಿಬಿಡುತ್ತದೆ ಎಂದು ನನ್ನ ಮಂಡಿಯ ಬೆಂಚಿನ ಮೇಲೆ ಕುಳಿತು, ನನ್ನದೇ ಟೀ ಕುಡಿಯುತ್ತಾ ನನಗೇ ಪಾಠ ಹೇಳಿದವರು. ಅದೇ ಮತಾಂಧತೆ ಬೆತ್ತ ಹಿಡಿದು ಎದುರಿಗೆ ಬಂದು ನಿಂತಾಗ ಅವರಿಗೆ ನೆಂಟರನ್ನು ಕಂಡ ಹಾಗಾಯಿತು.

ನಾನು ಏನು ಹೇಳಿದೆ ಎನ್ನುತ್ತೀರಾ? ಏನೂ ಹೇಳಲಿಲ್ಲ. ಬಡಿಸುವವನು ಬಂದ. ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ರಾತ್ರಿ ನಿದ್ದೆ ಬಾರದೆ ಹುಡುಕಿ ಓದಿದೆ. ಆ ಪ್ರಾಂತ್ಯದ ಹೆಸರು ಆಚೆ. ನಮ್ಮ ಆಚೆ-ಈಚೆಯ ಆಚೆ ಅಲ್ಲ, ಊರಿನ ಹೆಸರೇ ಹಾಗೆ. ಇಂಡೋನೇಷ್ಯಾದಲ್ಲಿ ಷರಿಯಾ ಕಾನೂನು ಜಾರಿಯಲ್ಲಿರುವುದು ಆ ಒಂದು ಪ್ರಾಂತ್ಯದಲ್ಲಿ. 2017ರ ಮೇ ತಿಂಗಳಲ್ಲಿ ಅಲ್ಲಿನ ಬಂಡಾ ಆಚೆ ನಗರದಲ್ಲಿ ಇಬ್ಬರು ಹುಡುಗರಿಗೆ ಮಸೀದಿಯ ಎದುರು, ಸಾವಿರಾರು ಜನರ ಮುಂದೆ, ತಲಾ 83 ಏಟು ಹೊಡೆದರು. ಒಬ್ಬನಿಗೆ 20 ವರ್ಷ, ಇನ್ನೊಬ್ಬನಿಗೆ 23. ಅದೇ ಕೊನೆಯೂ ಅಲ್ಲ, 2021ರಲ್ಲಿ ಮತ್ತಿಬ್ಬರಿಗೆ ಹೊಡೆದರು. ನನಗೆ ಚುಚ್ಚಿದ್ದು ಏಟಿನ ಲೆಕ್ಕವಲ್ಲ. 2017ರ ಆ ಹುಡುಗರನ್ನು ಮೊದಲು ಹಿಡಿದದ್ದು ಪೊಲೀಸರಲ್ಲ, ಅಕ್ಕಪಕ್ಕದವರು. ಬಾಡಿಗೆ ಕೋಣೆಗೆ ನುಗ್ಗಿ, ಮೊಬೈಲಿನಲ್ಲಿ ಚಿತ್ರ ಹಿಡಿದು, ಆಮೇಲೆ ಒಪ್ಪಿಸಿದರು. ಅಕ್ಕಪಕ್ಕದವರು ಎಂದರೆ ಯಾರು? ಸಕ್ಕರೆ ಕಡ ಕೇಳಲು ಬರುವವರು. ಗೃಹಪ್ರವೇಶಕ್ಕೆ ಕರೆದರೆ ಬಂದು ಉಣ್ಣುವವರು.

ಓದುತ್ತಾ ಹೋದಂತೆ ನಮ್ಮ ಹಿರಿಯರ ಮಾತು ಅವರೊಬ್ಬರದೇ ಅಲ್ಲ ಎಂದು ತಿಳಿಯಿತು. ಜೆರುಸಲೇಮ್ ನೋಡಿ. ಒಂದು ಬಂಡೆಗೆ, ಒಂದು ಗೋಡೆಗೆ, ಒಂದು ಸಮಾಧಿಗೆ ತಲೆತಲಾಂತರದಿಂದ ಹೊಡೆದಾಡುತ್ತಿರುವ ಊರು. 2005ರಲ್ಲಿ ಅಲ್ಲಿ ಸಲಿಂಗಪ್ರೇಮಿಗಳ ಅಂತರರಾಷ್ಟ್ರೀಯ ಮೆರವಣಿಗೆ ನಡೆಸುವ ಯೋಜನೆ ಇತ್ತು. ಅದನ್ನು ತಡೆಯಲು ಆ ಮಾರ್ಚ್‌ನಲ್ಲಿ ಯೆಹೂದಿಗಳ ಮುಖ್ಯ ರಬ್ಬಿಗಳು, ಕ್ರೈಸ್ತ ಪಂಗಡಗಳ ಗುರುಗಳು, ಮುಸ್ಲಿಂ ಧರ್ಮಗುರುಗಳು ಒಂದೇ ಸಾಲಿನಲ್ಲಿ ಕುಳಿತು ಪತ್ರಿಕಾಗೋಷ್ಠಿ ನಡೆಸಿದರು. ಶಾಂತಿಗಾಗಿ ಹೀಗೆ ಕೂರಿಸಲು ಎಷ್ಟು ದೇಶಗಳ ನಾಯಕರು ಎಷ್ಟು ಬೆವರು ಸುರಿಸಿದ್ದಾರೆ! ಅದೇ ಜೂನ್‌ನಲ್ಲಿ ಯಿಶೈ ಶ್ಲಿಸೆಲ್ ಎಂಬ ಮಡಿವಂತ ಯೆಹೂದಿ ಆ ಊರಿನ ಮೆರವಣಿಗೆಗೆ ನುಗ್ಗಿ ಮೂವರಿಗೆ ಚೂರಿ ಹಾಕಿದ. ಹತ್ತು ವರ್ಷ ಜೈಲು. 2015ರಲ್ಲಿ ಹೊರಗೆ ಬಂದ. ಬಂದು ಮೂರು ವಾರವಾಗಿತ್ತು, ಮತ್ತೆ ಅದೇ ಮೆರವಣಿಗೆ, ಮತ್ತೆ ಚೂರಿ. ಈ ಸಲ ಶಿರಾ ಬಾಂಕಿ ಎಂಬ 16 ವರ್ಷದ ಹುಡುಗಿ ಸತ್ತಳು. ಸ್ನೇಹಿತರಿಗೆ ಬೆಂಬಲವಾಗಿ ಬಂದಿದ್ದವಳು.

ಅಷ್ಟು ದೂರ ಏಕೆ, ನಮ್ಮ ಸುಪ್ರೀಂ ಕೋರ್ಟಿಗೇ ಬನ್ನಿ. ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದಿಟ್ಟುಹೋದದ್ದು. ಒಪ್ಪಿತ ವಯಸ್ಕರಿಗೆ ಅದು ಅನ್ವಯಿಸುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಹೇಳಿತು. ಕೂಡಲೇ ಮೇಲ್ಮನವಿ ಹೊತ್ತು ಓಡಿದವರ ಪಟ್ಟಿ ನೋಡಿದರೆ ಕಣ್ಣು ತುಂಬಿ ಬರುತ್ತದೆ. ಮೊದಲಿಗೆ ದೆಹಲಿಯ ಒಬ್ಬ ಜ್ಯೋತಿಷಿ, ಸುರೇಶ್ ಕುಮಾರ್ ಕೌಶಲ್. ಹಿಂದೆಯೇ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ. ಜೊತೆಗೆ ಅಪೋಸ್ಟಲಿಕ್ ಚರ್ಚಸ್ ಅಲಯನ್ಸ್, ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್. ಸಾಲದ್ದಕ್ಕೆ ಕ್ರಾಂತಿಕಾರಿ ಮನುವಾದಿ ಮೋರ್ಚಾ. ಮನುವಾದಿಗಳೂ ಮುಸ್ಲಿಂ ಮಂಡಳಿಯೂ ಬೇರೆ ಯಾವ ವ್ಯಾಜ್ಯದಲ್ಲಿ ಒಂದೇ ಕಡೆ ನಿಂತದ್ದನ್ನು ನೋಡಿದ್ದೀರಿ? 2013ರ ಡಿಸೆಂಬರ್ 11ರಂದು ಅವರೆಲ್ಲ ಗೆದ್ದರು. ಮುಂದಿನ ಐದು ವರ್ಷ ಬ್ರಿಟಿಷರ ಕಾನೂನನ್ನು ಕಾಪಾಡಿದ ಪುಣ್ಯ ಅವರದು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ತೀರ್ಪನ್ನು ತಿರುಗಿಸಿತು.

ಇದನ್ನೆಲ್ಲ ಇಷ್ಟು ಆರಾಮವಾಗಿ ವ್ಯಂಗ್ಯವಾಡುತ್ತಿದ್ದೇನಲ್ಲ, ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ.

"ನಿನ್ನ ತಮ್ಮ ಎಲ್ಲಿ ಕಾಣುವುದೇ ಇಲ್ಲವಲ್ಲ" ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ "ಪುಣೆಯಲ್ಲಿ ಕಂಪನಿ ಕೆಲಸ, ರಜೆ ಸಿಗುವುದಿಲ್ಲ" ಎನ್ನುತ್ತಾ ಬಂದಿದ್ದೇನೆ. ಕಂಪನಿ ನಿಜ. ರಜೆಯೂ ಸಿಗುತ್ತದೆ. 2007ರಲ್ಲಿ ಅವನಿಗೆ 22 ವರ್ಷ. ಏನು, ಹೇಗೆ ಗೊತ್ತಾಯಿತು ಎಂಬುದು ಅವನ ವಿಷಯ, ನಾನು ಬರೆಯುವುದಿಲ್ಲ. ಅಪ್ಪ ಮೂರು ದಿನ ಊಟ ಬಿಟ್ಟರು. ಅಮ್ಮ ದೇವರ ಮೊರೆ ಹೋದರು. ಒಬ್ಬ ದೇವರಲ್ಲ. ಮೊದಲು ಗಡಿಯಾಚೆ ಒಂದು ಹಳ್ಳಿಯ ಸ್ವಾಮಿಯ ಬಳಿ ಕರೆದೊಯ್ದೆವು. ಹೆಣ್ಣು ದೆವ್ವ ಮೆಟ್ಟಿಕೊಂಡಿದೆ ಎಂದ ಆತ ಒಣಮೆಣಸಿನಕಾಯಿಯ ಹೊಗೆ ಹಾಕಿ, ಬೇವಿನ ಸೊಪ್ಪಿನಲ್ಲಿ ಹೊಡೆದ. ಸೊಪ್ಪು ಉದುರಿ ಬರಿಯ ಕಡ್ಡಿ ಉಳಿದ ಮೇಲೂ ಹೊಡೆದ. ಅದು ಫಲಿಸದಿದ್ದಾಗ ಯಾರೋ ಹೇಳಿದರೆಂದು ಒಬ್ಬ ಮೌಲ್ವಿಯ ಬಳಿ ಹೋದೆವು. ಆತ ಹೊಡೆಯಲಿಲ್ಲ, ಊದಿ ತಾಯತ ಕಟ್ಟಿ, ಇದು ಸೈತಾನನ ಕೆಲಸ ಎಂದ. ಮೂರನೆಯದು ಚಿನ್ನದ ಗಣಿಯ ಕಡೆಯ ಒಂದು ಪ್ರಾರ್ಥನಾ ಕೂಟ. ತಲೆಯ ಮೇಲೆ ಕೈಯಿಟ್ಟು, ಮೈಕಿನಲ್ಲಿ, ಇನ್ನೂರು ಜನರ ಮುಂದೆ, ಅವನ ಹೆಸರು ಹಿಡಿದು ದುರಾತ್ಮವನ್ನು ಹೊರಗೆ ಕರೆದರು. ಮೂರು ಧರ್ಮದವರೂ ಒಂದೇ ರೋಗ ಕಂಡುಹಿಡಿದರು, ಮೂವರೂ ಒಂದೇ ಔಷಧಿ ಹೇಳಿದರು: ಮದುವೆ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ನಾವು ಮೆಣಸಿನಕಾಯಿ ಹೊಗೆ ಹಾಕಿಸಿದ್ದು ಅದಾದ 17 ವರ್ಷಕ್ಕೆ.

ಈ ಮೂರೂ ಕಡೆಗೆ ಅವನನ್ನು ಕರೆದುಕೊಂಡು ಹೋದ ಟೆಂಪೊ ಮಂಡಿಯದು. ಓಡಿಸಿದವನು ನಾನು. ಮೊದಲ ಜಾಗದಿಂದ ವಾಪಸು ಬರುವಾಗ ಅವನ ಕಣ್ಣು ಕೆಂಡವಾಗಿತ್ತು. ಮುಳಬಾಗಿಲಿನ ಹತ್ತಿರ ಗಾಡಿ ನಿಲ್ಲಿಸಿ ಎಳನೀರು ಕೊಡಿಸಿದೆ. ಅರ್ಧ ಕುಡಿದು, ಉಳಿದ ಅರ್ಧದಲ್ಲಿ ಕಣ್ಣು ತೊಳೆದುಕೊಂಡು, "ಅಣ್ಣಾ, ನಿನಗೂ ಹಾಗೆಯೇ ಅನ್ನಿಸುತ್ತದೆಯೇ?" ಎಂದು ಕೇಳಿದ. "ದೊಡ್ಡವರು ಹೇಳಿದ ಹಾಗೆ ಕೇಳು" ಎಂದೆ. ಆ ಎಳನೀರಿನ ಅಂಗಡಿ ಈಗಿಲ್ಲ, ಹೆದ್ದಾರಿ ಅಗಲವಾಗಿದೆ. ಆದರೂ ಆ ಜಾಗ ಬಂದಾಗ ನಾನು ಗಾಡಿಯ ವೇಗ ಹೆಚ್ಚಿಸುತ್ತೇನೆ.

ಮದುವೆ ಗೊತ್ತಾಯಿತು. ಮುಹೂರ್ತಕ್ಕೆ ಹನ್ನೆರಡು ದಿನವಿರುವಾಗ ಅವನು ಮನೆ ಬಿಟ್ಟ. ಹಂಚದೆ ಉಳಿದ ನಾನೂರು ಲಗ್ನಪತ್ರಿಕೆಗಳನ್ನು ಎಸೆಯಲು ಮನಸ್ಸಾಗದೆ ಅಪ್ಪ ಮಂಡಿಗೆ ತಂದಿಟ್ಟರು. ಎರಡು ವರ್ಷ ಅವುಗಳ ಹಿಂದಿನ ಖಾಲಿ ಬದಿಯಲ್ಲಿ ಕ್ರೇಟಿನ ಲೆಕ್ಕ ಬರೆದೆವು. ಮುಂದೆ ಗಣಪತಿ, ಹಿಂದೆ "15 ಕೆಜಿ, 42 ಬಾಕ್ಸ್, ಹಮಾಲಿ ಕಳೆದು". ಆ ಹೆಣ್ಣುಮಗಳು ಈಗ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು, ಸುಖವಾಗಿದ್ದಾಳೆ. ನಮ್ಮ ಮನೆಯಲ್ಲಿ ಅವಳಿಗೆ ಒಳ್ಳೆಯದನ್ನು ಮಾಡಿದವನು ಓಡಿಹೋದ ನನ್ನ ತಮ್ಮ ಒಬ್ಬನೇ.

ಈಗ ಒಬ್ಬರು ಬರುತ್ತಾರೆ, ನನಗೆ ಗೊತ್ತು. "ಅವರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ನಮ್ಮಲ್ಲಿ ಯಾರನ್ನಾದರೂ ಮಹಡಿಯಿಂದ ತಳ್ಳಿದ್ದಾರೆಯೇ?" ಸರಿಯಾದ ಮಾತು. ಐಸಿಸ್‌ನವರು ಇರಾಕ್, ಸಿರಿಯಾದಲ್ಲಿ ಕಣ್ಣು ಕಟ್ಟಿ ಮಹಡಿಯಿಂದ ತಳ್ಳಿದರು. ಇರಾನಿನಲ್ಲಿ ಗಲ್ಲು ಇದೆ. ಢಾಕಾದಲ್ಲಿ 2016ರ ಏಪ್ರಿಲ್‌ನಲ್ಲಿ, ಸಲಿಂಗಿಗಳ ಪತ್ರಿಕೆಯೊಂದರ ಸಂಪಾದಕ ಜುಲ್ಹಾಜ್ ಮನ್ನಾನ್ ಅವರ ಮನೆಗೆ ಕೊರಿಯರ್‌ನವರ ವೇಷದಲ್ಲಿ ಬಂದು ಅವರನ್ನೂ ಅವರ ಗೆಳೆಯನನ್ನೂ ಮಚ್ಚಿನಿಂದ ಕೊಚ್ಚಿದರು. ತೂಕ ಒಂದೇ ಅಲ್ಲ, ತೂಗುವುದು ನನ್ನ ಕಸುಬು, ಅಷ್ಟು ತಿಳಿಯುತ್ತದೆ. ಆದರೆ ನಿನ್ನೆ ಆ ಬೆತ್ತಕ್ಕೆ ಸೈ ಎಂದವರು 'ಅವರು' ಅಲ್ಲವಲ್ಲ, ನಾವು. ಮೊದಲು ಸೈ ಎನ್ನುವುದನ್ನು ನಿಲ್ಲಿಸಿ, ಆಮೇಲೆ ತಕ್ಕಡಿ ತರುತ್ತೇನೆ.

"ನಾಲ್ಕು ಜನ ಹುಚ್ಚರಿಗಾಗಿ ಧರ್ಮವನ್ನು ಬೈಯಬೇಡ" ಎನ್ನುವವರೂ ಇದ್ದಾರೆ. ಧರ್ಮವನ್ನು ಬೈಯುವ ಶಕ್ತಿ ನನಗಿಲ್ಲ, ಮಂಡಿಯ ಬಾಗಿಲು ತೆಗೆಯುವ ಮೊದಲು ಹೊಸ್ತಿಲಿಗೆ ಕೈಮುಗಿಯುವವನು ನಾನು. ಒಳ್ಳೆಯ ಗುರುಗಳು ಇದ್ದಾರೆ, ಒಪ್ಪಿದೆ. ಉಗಾಂಡದಲ್ಲಿ ಡೇವಿಡ್ ಕಾಟೊ ಎಂಬ ಹೋರಾಟಗಾರನನ್ನು 2011ರ ಜನವರಿಯಲ್ಲಿ ಸುತ್ತಿಗೆಯಿಂದ ಹೊಡೆದು ಕೊಂದರು. ಶವಸಂಸ್ಕಾರಕ್ಕೆ ಬಂದ ಪಾದ್ರಿ ಹೆಣದ ಮುಂದೆಯೇ ಮೈಕಿನಲ್ಲಿ ಸಲಿಂಗಿಗಳನ್ನು ಶಪಿಸಿದ. ಹಳ್ಳಿಯವರು ಮಣ್ಣು ಮಾಡಲು ಒಪ್ಪಲಿಲ್ಲ. ಕೊನೆಗೆ ಗೆಳೆಯರೇ ಹೊತ್ತರು, ಪ್ರಾರ್ಥನೆ ಹೇಳಿದ್ದು ಕ್ರಿಸ್ಟೊಫರ್ ಸೆನ್ಯೊಂಜೊ ಎಂಬ ವಯಸ್ಸಾದ ಬಿಷಪ್. ಎಷ್ಟು ಒಳ್ಳೆಯ ಗುರು! ಸಲಿಂಗಿಗಳ ಪರ ನಿಂತರೆಂದು ಅವರ ಚರ್ಚು ಅವರನ್ನು ಮೊದಲೇ ಹೊರಗೆ ಹಾಕಿತ್ತು. ಆ ದೇಶ 2023ರಲ್ಲಿ ಕೆಲವು ಪ್ರಕರಣಗಳಿಗೆ ಮರಣದಂಡನೆಯನ್ನೇ ತಂದಿತು.

ನನ್ನನ್ನು ಇನ್ನಷ್ಟು ಕೆರಳಿಸುವುದು ಬೇರೆ. ಇದೇ ಹಿರಿಯರು ಕರಗದ ರಾತ್ರಿ ನಿದ್ದೆಗೆಟ್ಟು ಕಾಯುತ್ತಾರೆ. ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಲ್ಲಿ ಮುಚ್ಚಿಹೋದ ಗಂಡಸು ಗುಡಿಯಿಂದ ಹೊರಬರುವಾಗ "ಗೋವಿಂದಾ" ಎಂದು ಕೂಗಿ, ಅವನು ನಡೆದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕರಗಕ್ಕೂ ಗಂಡು ಗಂಡನ್ನು ಪ್ರೀತಿಸುವುದಕ್ಕೂ ಸಂಬಂಧವಿಲ್ಲ, ಗೊತ್ತು, ಯಾರೂ ತಿದ್ದಲು ಬರಬೇಡಿ. ಗಂಡು ಎಂದರೆ ಇಷ್ಟೇ ಎಂಬ ಗೆರೆಯನ್ನು ಒಂದು ರಾತ್ರಿಯ ಮಟ್ಟಿಗಾದರೂ ಅಳಿಸಬಲ್ಲ ಜನ ನಾವು ಎನ್ನುತ್ತಿದ್ದೇನೆ. ಬೆಂಗಳೂರಿನ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಎರಡು ಧರ್ಮ ಕೂಡುವುದಕ್ಕೆ ಮಲ್ಲಿಗೆಯೂ ಸಾಕಾಗುತ್ತದೆ, ಬೆತ್ತವೇ ಬೇಕೆಂದಿಲ್ಲ.

ಕಾನೂನು ಬದಲಾಯಿತಲ್ಲ, ಇನ್ನೇನು ಗೋಳು ಎಂದರೆ: ಹೀಗೆ 'ವಾಸಿ ಮಾಡುವ' ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಬಹಳ ಸಂತೋಷ. ಮೆಣಸಿನಕಾಯಿ ಸ್ವಾಮಿಗೆ ಯಾವ ಆಯೋಗದ ನೋಂದಣಿ ಇದೆ, ರದ್ದು ಮಾಡಲು? ಟೆಂಪೊ ಓಡಿಸುವ ಅಣ್ಣನಿಗೆ?

ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿ ಬರೆಯಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಯಾರೋ ಮರಾಠಿಯಲ್ಲಿ ಊಟಕ್ಕೆ ಕರೆಯುತ್ತಿದ್ದರು, ಗಂಡಸಿನ ದನಿ. "ಬರೆ ಅಣ್ಣಾ, ನನ್ನ ಹೆಸರು ಬೇಡ" ಎಂದ. ಆಮೇಲೆ, "ಒಬ್ಬಟ್ಟು ಬೇಳೆಯದೋ ಕಾಯಿಯದೋ?" ಎಂದು ಕೇಳಿದ. ಬೇಳೆಯದು ಎಂದೆ. ನಮ್ಮ ಮಾತು ಅಷ್ಟೇ.

ಆ ಹಿರಿಯರು ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾರೆ, ಇದನ್ನು ಓದುತ್ತಾರೆ. ನಾಳೆ ಬೆಳಗ್ಗೆ ಅವರ 120 ಕ್ರೇಟು ನನ್ನ ಮಂಡಿಗೆ ಬರುವುದಿದೆ. ಬರಲಿ. ಒಂದು ರೂಪಾಯಿ ಕಡಿಮೆಯಾಗದಂತೆ ಹರಾಜು ಕೂಗಿಸುತ್ತೇನೆ, ಚೀಟಿಯನ್ನು ಕೈಗೆ ಕೊಡುತ್ತೇನೆ. ಟೀ ಮಾತ್ರ ಅವರು ಹೊರಗೆ ಹೋಗಿ ಕುಡಿಯಬೇಕು.