ಕೊಸರು ಹಾಕಮ್ಮ

ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವಣ್ಣನ ಪಾಲು. 2025ರಲ್ಲಿ ಅದರ ಮೇಲೆ ನಾಲ್ಕು ದಿನ ಕೊಸರು ಹಾಕಿ, ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಐದು ದಿನ ಮಾಡಿದರು. ಭೇಷ್! ನಮ್ಮೂರಲ್ಲಿ ರಸ್ತೆ ಅಗಲ ಆಗದಿದ್ದರೂ ಹಬ್ಬವಾದರೂ ಉದ್ದ ಆಗುತ್ತದಲ್ಲ.

ಬುಲ್ ಟೆಂಪಲ್ ರಸ್ತೆಗೆ ಕಾಲಿಟ್ಟರೆ ಮೊದಲು ಸಿಗುವುದು ಕಡಲೆಕಾಯಿ ಅಲ್ಲ, ಮುಖಗಳು. ಕೈ ಮುಗಿದ ಮುಖ, ಕನ್ನಡಕದ ಮುಖ, ಮೂಲೆಯಲ್ಲಿ ಅಂಚೆಚೀಟಿ ಗಾತ್ರದ ಮರಿ ಮುಖ. ಅವುಗಳ ನಡುವೆ ಎಲ್ಲೋ ಬಸವಣ್ಣ. ‘ಪ್ಲಾಸ್ಟಿಕ್ ಬೇಡ, ಕೈಚೀಲ ತನ್ನಿ’ ಅನ್ನುವ ಉಪದೇಶವನ್ನೂ ಅಚ್ಚು ಹಾಕಿಸಿದ್ದು ಫ್ಲೆಕ್ಸ್ ಮೇಲೇ. ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯದಲ್ಲಿ 2016ರಿಂದ ನಿಷೇಧ, ಬೆಂಗಳೂರಲ್ಲಿ ಫ್ಲೆಕ್ಸಿಗೆ 2018ರಿಂದ. ಎರಡೂ ನಿಷೇಧ ಒಂದೇ ಕಂಬಕ್ಕೆ ನೇತಾಡುತ್ತಿದ್ದವು.

ಪರಿಷೆಯ ಕತೆ ನಿಮಗೆ ಗೊತ್ತೇ ಇದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗುತ್ತಿತ್ತಂತೆ. ಒಬ್ಬ ಸಿಟ್ಟಿನಲ್ಲಿ ದೊಣ್ಣೆಯಿಂದ ಬಾರಿಸಿದ, ಬಸವ ಕಲ್ಲಾಯಿತು. ಅಂದಿನಿಂದ ಮೊದಲ ಬೆಳೆ ಅದಕ್ಕೇ. ಇನ್ನೊಂದು ತಮಾಷೆ ಏನೆಂದರೆ, ಕಡಲೆಕಾಯಿ ಈ ದೇಶದ್ದೇ ಅಲ್ಲ, ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ಪರದೇಶದ ಕಾಯಿ ತಿಂದು ಏಟು ತಿಂದ ನಮ್ಮ ಬಸವ! ಕಲ್ಲಾದ ಮೇಲೂ ಅದು ಬೆಳೀತಾನೇ ಇತ್ತಂತೆ. ನಿಲ್ಲಿಸಲಿಕ್ಕೆ ತಲೆಗೆ ತ್ರಿಶೂಲ ಚುಚ್ಚಿದರಂತೆ. ಆ ತ್ರಿಶೂಲವನ್ನು ಸ್ವಲ್ಪ ಆಚೆಗೆ, ಊರಿನ ನೆತ್ತಿಗೆ ಚುಚ್ಚಿದ್ದರೆ ಆಗ್ತಿತ್ತು. ಈಗ ಸುಂಕೇನಹಳ್ಳಿಯಲ್ಲಿ ಬಸವ ಮೇಯಲು ಹೊರಟರೆ ಸಿಗುವುದು ಪಾರ್ಕ್ ಮಾಡಿದ ಕಾರುಗಳ ವೈಪರ್ ಮಾತ್ರ. ಅದರ ಕಾಲಬುಡದಲ್ಲೇ ವೃಷಭಾವತಿ ನದಿ ಹುಟ್ಟುತ್ತಾಳೆ ಅನ್ನುತ್ತಾರೆ. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿದರೂ ನಾತದಿಂದಲೇ ಆಕೆಯ ಗುರುತು ಸಿಗುತ್ತದೆ.

ಇರಲಿ, ಕಡಲೆಕಾಯಿಗೆ ಬರೋಣ. ಗೋಬಿ ಮಂಚೂರಿ, ಪೀಪಿ, ಕೊಂಬಿನ ಟೋಪಿ, ಟ್ಯಾಟೂ ಎಲ್ಲ ದಾಟಿದ ಮೇಲೆ ಸಿಕ್ಕಿತು. ಚಿಂತಾಮಣಿ ಕಡೆಯ ಅಜ್ಜಿ. ಗೋಣಿ ಮೇಲೆ ಕಾಯಿಯ ಗುಡ್ಡೆ, ಗುಡ್ಡೆ ಮೇಲೆ ಸೇರು, ಪಕ್ಕದಲ್ಲಿ ಮೊಮ್ಮಗ ನಿದ್ದೆ. ಒಬ್ಬ ಬಂದ. ಒಂದು ಹಿಡಿ ಎತ್ತಿದ, ‘ನೋಡೋಣ’ ಅಂತ ಸುಲಿದು ಬಾಯಿಗೆ ಹಾಕಿಕೊಂಡ. ಹೆಂಡತಿಯೂ ನೋಡಿದಳು, ಮಗುವೂ ನೋಡಿತು. ಮೂವರೂ ನೋಡಿ ಮುಗಿಸುವಷ್ಟರಲ್ಲಿ ಪಾವು ಕಾಯಿ ಖಾಲಿ. ಆಮೇಲೆ ಕೊಂಡದ್ದು ಅರ್ಧ ಸೇರು, ಅದಕ್ಕೂ ಹತ್ತು ರೂಪಾಯಿ ಚೌಕಾಸಿ. ಕೊನೆಗೆ, ‘ಕೊಸರು ಹಾಕಮ್ಮ’. ಅಜ್ಜಿ ಹಾಕಿದಳು. ಆತ ಅವಳ ಗುಡ್ಡೆಗೆ ಬೆನ್ನು ಮಾಡಿ ಸೆಲ್ಫಿ ತೆಗೆದ. ‘ನಮ್ಮ ಸಂಸ್ಕೃತಿ’ ಅಂತ ಹಾಕಿಕೊಂಡಿರುತ್ತಾನೆ ಬಿಡಿ.

‘ಎಷ್ಟು ದಿನ ಆಯ್ತಮ್ಮ ಬಂದು?’ ಅಂದೆ.

‘ನಾಕು ರಾತ್ರಿ ಆಯ್ತು ಸಾಮಿ.’

‘ಬಾತ್‌ರೂಮಿಗೆ ಎಲ್ಲಿ ಹೋಗ್ತೀರಿ?’

ಅಜ್ಜಿ ಸೇರನ್ನು ಬೋರಲು ಹಾಕಿ ಒರೆಸುತ್ತಾ, ‘ಹಗಲೊತ್ತು ನೀರೇ ಕುಡಿಯಕಿಲ್ಲ’ ಅಂದಳು.

ಇಲ್ಲಿಂದ ಮುಂದೆ ನನಗೆ ತಮಾಷೆ ಬರ್ತಿಲ್ಲ. ಐದು ದಿನ ಅಂತ ಮೈಕಿನಲ್ಲಿ ಹೇಳಿದವರಿಗೆ ಅದರ ಜೊತೆ ಐದು ರಾತ್ರಿಗಳೂ ಬರುತ್ತವೆ ಅಂತ ಹೊಳೆಯಲಿಲ್ಲವಾ? ದೀಪಾಲಂಕಾರಕ್ಕೆ ದುಡ್ಡಿದೆ, ಬೀದಿ ತುಂಬ ಮುಖಗಳಿಗೆ ದುಡ್ಡಿದೆ, ಕಾಯಿ ತಂದವಳು ಬಾಗಿಲು ಹಾಕಿಕೊಂಡು ಕೂರುವ ಒಂದು ಕೋಣೆಗೆ ಇಲ್ಲ. ಪರಿಷೆ ಹುಟ್ಟಿದ್ದು ರೈತರಿಂದ. ಈಗ ಪರಿಷೆಯಲ್ಲಿ ಅತಿ ಕಡಿಮೆ ಜಾಗ ಇರುವುದೂ ಅವರಿಗೇ. ಸಾಲದ್ದಕ್ಕೆ ಟ್ರಾಫಿಕ್ ಜಾಮ್ ಆದರೆ ಅಕ್ಕಪಕ್ಕದವರು ಬೈಯುವುದೂ ಅವರನ್ನೇ. ಪರಿಷೆ ಮುಗಿದ ಬೆಳಗ್ಗೆ ನಾವೆಲ್ಲ ಸಿಪ್ಪೆ ಉಗುಳಿದ ಬೀದಿಗೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕರದ್ದು ಇನ್ನೊಂದು ಕತೆ, ಅದಕ್ಕೆ ಯಾವ ಫ್ಲೆಕ್ಸೂ ಇಲ್ಲ.

ಎರಡು ಸೇರು ಕೊಡಮ್ಮ, ಕೊಸರು ಬೇಡ ಅಂದೆ. ಬಹಳ ದೊಡ್ಡ ಮನುಷ್ಯನ ಹಾಗೆ.

‘ಚೀಲ?’ ಅಂದಳು ಅಜ್ಜಿ.

ಮರೆತಿದ್ದೆ. ಅವಳು ಅತ್ತ ಇತ್ತ ನೋಡಿ, ಗೋಣಿ ಅಡಿಯಿಂದ ಕರೀ ಕವರ್ ಎಳೆದಳು. ಎರಡು ಸೇರು ಅಳೆದು ಹಾಕಿದ ಮೇಲೆ, ಬೇಡ ಅಂದರೂ ಕೇಳದೆ, ಇನ್ನೂ ಒಂದು ಹಿಡಿ ಹಾಕಿದಳು.