ಕವಿಯ ಹೆಸರಲ್ಲಿ ಭವನ ಆಮೇಲೆ, ಮೊದಲು ಅವರ ಕಾಗದಕ್ಕೆ ಒಂದು ರೂಮು ಕೊಡಿ

ನಮ್ಮ ಉಡುಪಿ ಮಂಗಳೂರು ಕಡೆ ಒಬ್ಬ ಕವಿ ತೀರಿಕೊಂಡ್ರೆ ಶ್ರದ್ಧಾಂಜಲಿ ಸಭೆಯಲ್ಲೇ ಬೇಡಿಕೆ ಶುರು ಆಗ್ತದೆ. ಒಂದು ರಸ್ತೆಗೆ ಹೆಸರಿಡಿ, ಒಂದು ಪ್ರತಿಮೆ ಆಗ್ಬೇಕು, ಭವನ ಆಗ್ಬೇಕು, ವರ್ಷಕ್ಕೊಂದು ಪ್ರಶಸ್ತಿ ಕೊಡ್ಬೇಕು. ಇದೆಲ್ಲ ತಪ್ಪು ಅಂತ ನಾನು ಹೇಳೋದಿಲ್ಲ, ಜನ ಪ್ರೀತಿಯಿಂದಲೇ ಕೇಳ್ತಾರೆ. ಆದ್ರೆ ಅವರ ಮೇಜಿನ ಡ್ರಾಯರಲ್ಲಿ ಎಂತ ಉಂಟು, ಅಟ್ಟದ ಟ್ರಂಕಲ್ಲಿ ಎಂತ ಉಂಟು ಅಂತ ಆ ಸಭೆಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ. ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಮುಗೀತದೆ, ಮಕ್ಕಳಿಗೆ ಬೆಂಗಳೂರಿಗೋ ದುಬೈಗೋ ವಾಪಸ್ ಹೋಗ್ಲಿಕ್ಕೆ ಉಂಟು, ಹಳೆ ಹಂಚಿನ ಮನೆ ಕೊಡ್ಲಿಕ್ಕೆ ಮಾತಾಗಿರ್ತದೆ, ಇರೋ ನಾಲ್ಕು ದಿನದಲ್ಲಿ ಎಲ್ಲ ಖಾಲಿ ಮಾಡ್ಬೇಕು. ಪುಸ್ತಕ ಯಾವುದಾದ್ರೂ ಲೈಬ್ರರಿಗೆ ಹೋಗ್ತದೆ, ಸನ್ಮಾನದ ಫಲಕಗಳು ಗೋಣಿಗೆ, ಬಿಡಿ ಕಾಗದ ಅಷ್ಟೂ ಗುಜರಿಗೆ, ಇಲ್ಲಾಂದ್ರೆ ಬಚ್ಚಲ ಒಲೆಗೆ.

ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ನನ್ನ ಮಾತು ಇಷ್ಟೇ, ಆ ಬಿಡಿ ಕಾಗದವೇ ಮೊದಲು ಉಳೀಬೇಕಾದ್ದು. ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದ್ರೂ ಸಿಕ್ತದೆ ಮಾರಾಯ್ರೆ, ಕರಡಿನ ಇನ್ನೊಂದು ಪ್ರತಿ ಪ್ರಪಂಚದಲ್ಲೇ ಇಲ್ಲ.

ಅಚ್ಚಾದ ಪದ್ಯದಲ್ಲಿ ನಮಗೆ ಕಾಣೋದು ಕವಿಯ ಕೊನೆಯ ತೀರ್ಮಾನ ಮಾತ್ರ. ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ರು ಅಂತ ಪಠ್ಯಪುಸ್ತಕದಲ್ಲಿ ಒಂದು ಸಾಲಲ್ಲಿ ಓದಿ ಮುಂದೆ ಹೋಗ್ತೇವೆ. ನೂರಾರು ವರ್ಷದಿಂದ ಎಲ್ಲರೂ ಹಿಡಿದುಕೊಂಡು ಬಂದ ಆದಿಪ್ರಾಸವನ್ನು, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರ್ಬೇಕು ಅನ್ನೋ ಕಟ್ಟನ್ನು, ಮಂಜೇಶ್ವರದಲ್ಲಿ ಕೂತು ಒಬ್ಬ ಮನುಷ್ಯ ಬಿಡ್ಬೇಕಾದ್ರೆ ಎಷ್ಟು ಸಾಲು ಬರೆದು ಹೊಡೆದು ಹಾಕಿರಬಹುದು, ಪ್ರಾಸ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಯಾರಿಗೆ ಕಾಗದ ಬರೆದು ಕೇಳಿರಬಹುದು. ಈ ತರದ ಪ್ರಶ್ನೆಗೆಲ್ಲ ಉತ್ತರ ಕೊಡ್ಲಿಕ್ಕೆ ಆಗೋದು ಕರಡಿಗೆ ಮತ್ತು ಕಾಗದಕ್ಕೆ ಮಾತ್ರ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದ್ರೆ ನಮ್ಮ ಮುದ್ದಣ, ಉಡುಪಿಯಲ್ಲಿ ಮಾಸ್ಟ್ರಾಗಿದ್ದುಕೊಂಡು ತಾನೇ ಬರೆದ ರಾಮಾಶ್ವಮೇಧವನ್ನು ಯಾರೋ ಹಳೆ ಕವಿಯದ್ದು ಅಂತ ಮೈಸೂರಿನ ಪತ್ರಿಕೆಗೆ ಕಳಿಸಿದ್ರು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ. ಹೀಗೆ ಹೆಸರು ಮುಚ್ಚಿಟ್ಟು ಬರೆದವರ ವಿಷಯದಲ್ಲಂತೂ ಕೈಬರಹದ ಒಂದು ಹಾಳೆ, ಹಸ್ತಪ್ರತಿ ಜೊತೆಗೆ ಕಳಿಸಿದ ಒಂದು ಕಾಗದ, ಅದೇ ಚರಿತ್ರೆ.

ಟಾಗೋರರ ಹಸ್ತಪ್ರತಿ ಚಿತ್ರ ನೀವು ನೋಡಿರಬಹುದು. ಬೇಡ ಅಂತ ಹೊಡೆದು ಹಾಕಿದ ಶಬ್ದಗಳನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಮಾಡ್ತಾ ಇದ್ರು, ಅವರ ಚಿತ್ರಕಲೆಗೆ ಅಲ್ಲೇ ಬೇರು ಉಂಟು. ಶಾಂತಿನಿಕೇತನದ ರವೀಂದ್ರ ಭವನದಲ್ಲಿ ಅದನ್ನೆಲ್ಲ ಇಟ್ಟುಕೊಂಡದ್ದರಿಂದ, ಜಾದವಪುರ ವಿಶ್ವವಿದ್ಯಾಲಯದವರು 2013ರಲ್ಲಿ ಹಸ್ತಪ್ರತಿಯ ನಲವತ್ತೇಳು ಸಾವಿರಕ್ಕಿಂತ ಹೆಚ್ಚು ಪುಟ ನೆಟ್ಟಿಗೆ ಹಾಕ್ಲಿಕ್ಕೆ ಆಯ್ತು. ಒಂದೇ ಪದ್ಯದ ಬೇರೆ ಬೇರೆ ರೂಪ ಪಕ್ಕ ಪಕ್ಕ ಇಟ್ಟು ನೋಡಬಹುದು.

ಬಂಗಾಳದ ಮಾತು ಬಿಡಿ, ಕನ್ನಡದ್ದೇ ಹೇಳ್ತೇನೆ. ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ ಎ.ಕೆ. ರಾಮಾನುಜನ್ 1993ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ್ರು. ಅವರ ಕರಡು, ಡೈರಿ, ಕಾಗದ ಎಲ್ಲ ಅಲ್ಲಿಯ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪೆಟ್ಟಿಗೆ ನಂಬರ್, ಫೋಲ್ಡರ್ ನಂಬರ್ ಸಮೇತ ಉಂಟು. ಯಾವ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ನಾನು ಮಂಗಳೂರಿನ ಕೊಟ್ಟಾರದ ಮನೆಯಲ್ಲಿ ಕೂತು ಫೋನಲ್ಲಿ ಓದಬಹುದು. ಆ ಡೈರಿಗಳಿಂದ ಆಯ್ದ ಭಾಗ 2019ರಲ್ಲಿ ಪುಸ್ತಕವಾಗಿಯೂ ಬಂತು. ಮೈಸೂರಿನ ಕವಿಯ ಕನ್ನಡ ಹಾಳೆ ಶಿಕಾಗೋದಲ್ಲಿ ಭದ್ರವಾಗಿ ಇರೋದು ನನಗೆ ಸಂತೋಷವೇ. ಆದ್ರೆ ಇಲ್ಲೇ ಬದುಕಿ ಇಲ್ಲೇ ತೀರಿಕೊಂಡ ಕವಿಯ ಹಾಳೆ ಎಲ್ಲುಂಟು ಅಂತ ಕೇಳಿದ್ರೆ ಹೆಚ್ಚಿನ ಸಲ ಉತ್ತರ ಹೇಳ್ಲಿಕ್ಕೆ ಯಾರೂ ಇರೋದಿಲ್ಲ, ಅದು ಸಂಕಟ.

ನಮ್ಮಲ್ಲಿ ಆಗೋದೇ ಇಲ್ಲ ಅಂತ ಅಲ್ಲ. ಗೋವಿಂದ ಪೈಗಳ ಪುಸ್ತಕ ಸಂಗ್ರಹ ಅವರ ನಂತರ ಉಡುಪಿಯ ಎಂಜಿಎಂ ಕಾಲೇಜಿಗೆ ಬಂತು. ಅಲ್ಲಿ ಪ್ರಿನ್ಸಿಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರಂಥವರು ಹಿಂದೆ ನಿಂತ್ರು, ಕವಿಯ ಹೆಸರಲ್ಲಿ ಸಂಶೋಧನ ಕೇಂದ್ರ ಬೆಳೀತು, ಅಲ್ಲಿಂದಲೇ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟು 1988ರಿಂದ 1997ರ ಒಳಗೆ 6 ಸಂಪುಟ ಬಂತು. ಒಬ್ಬ ಕವಿಯ ಕಪಾಟು ಚದುರದೆ ಒಂದು ಕಡೆ ನಿಂತ್ರೆ ಅದರ ಸುತ್ತ ಎಷ್ಟು ಕೆಲಸ ಆಗ್ತದೆ ನೋಡಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್, ಅಂದ್ರೆ ಹಳೆ ದಾಖಲೆ ಇಡುವ ಜಾಗ, ಉಂಟು. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಲ್ಲಿಂದ ಸ್ವಿಟ್ಜರ್ಲೆಂಡಿನ ತಮ್ಮ ಬಾಸೆಲ್ ಊರಿಗೆ ಕಾಗದ, ವರದಿ ಕಳಿಸ್ತಾ ಬಂದ್ರು, ಅಲ್ಲಿಯವರು ಅದನ್ನು ತೆಗೆದಿಟ್ರು. ಆ ಕಾಲದ ಮಂಗಳೂರಿನ ಬಗ್ಗೆ ಇವತ್ತು ಯಾರಾದ್ರೂ ಬರೀಬೇಕಾದ್ರೆ ಆ ಕಾಗದಕ್ಕೇ ಹೋಗ್ಬೇಕು.

ಈಗ ನನ್ನ ಕಣ್ಣಾರೆ ಕಂಡ ಒಂದು ವಿಷಯ. ನಮ್ಮ ಕಡೆಯ ಒಬ್ಬ ಹಿರಿಯ ಕವಿ, ಹೆಸರು ಬೇಡ ಅಂದಿದ್ದಾರೆ ಮನೆಯವರು. ಮಗಳು ಫೋನ್ ಮಾಡಿದ್ರು, "ಅಕ್ಕ, ಅಪ್ಪಯ್ಯನ ಕಾಗದ ಎಲ್ಲ ಒಮ್ಮೆ ಬಂದು ನೋಡಿ, ಯಾವುದು ಇಡೋದು ಯಾವುದು ಬಿಸಾಡೋದು ಹೇಳಿ" ಅಂತ. ಹೋದೆ. ಅಡುಗೆ ಕೋಣೆಯ ಮೇಲಿನ ಅಟ್ಟದಲ್ಲಿ ಎರಡು ಟ್ರಂಕು, ಮತ್ತೆ ಹಿಂದಿನವರು ಕಾಗದ ಚುಚ್ಚಿ ತೂಗಾಡಿಸ್ತಿದ್ದ ಆ ಬಗ್ಗಿದ ತಂತಿ, ಅದರ ತುಂಬ ಕಾರ್ಡು, ಇನ್‌ಲ್ಯಾಂಡ್ ಲೆಟರು. ಹೊಗೆ ಇದ್ದದ್ದರಿಂದ ಒರಲೆ ಹತ್ತಿರ ಬಂದಿರಲಿಲ್ಲ, ಆದ್ರೆ ಅದೇ ಹೊಗೆಗೆ ಕಾಗದ ಮುಟ್ಟಿದ್ರೆ ಮುರಿಯೋ ಹಾಗೆ ಆಗಿತ್ತು. ತಂತಿಯ ತುಕ್ಕು ಪ್ರತಿ ಕಾರ್ಡಿನ ನಡುವೆ ಕಂದು ತೂತು ಮಾಡಿತ್ತು.

ಆದ್ರೂ ಆ ತಂತಿ ನನಗೆ ಬಂಗಾರ ಆಗಿತ್ತು, ಯಾಕಂದ್ರೆ ಕಾಗದ ಬಂದ ಕ್ರಮದಲ್ಲೇ ಚುಚ್ಚಿಕೊಂಡು ಹೋಗಿದ್ರು, ಕೆಳಗಿಂದು ಹಳತು ಮೇಲಿಂದು ಹೊಸತು. ತಾರೀಕು ಬರೀದ ಕಾಗದಕ್ಕೂ ಹಿಂದೆ ಮುಂದೆ ನೋಡಿ ತಾರೀಕು ಅಂದಾಜು ಮಾಡಬಹುದು. ಟ್ರಂಕಲ್ಲಿ ಬಾಳೆನಾರಲ್ಲಿ ಕಟ್ಟಿದ ಕಟ್ಟುಗಳು. ಒಂದು ಕಟ್ಟು ಬಿಚ್ಚಿದ್ರೆ ಒಂದೇ ಪದ್ಯದ ಮೂರು ಕರಡು, ಒಂದು ಮದುವೆ ಕಾಗದದ ಹಿಂದೆ ಬರೆದದ್ದು, ಇನ್ನೊಂದು ಹಾಲಿನ ಲೆಕ್ಕ ಇರೋ ಹಾಳೆಯಲ್ಲಿ, ಮೂರನೆಯದ್ದು ನೀಟಾಗಿ ಎತ್ತಿ ಬರೆದದ್ದು. ನಡುವೆ ಒಬ್ಬ ಸಂಪಾದಕರ ಕಾರ್ಡು, ಪದ್ಯ ಚೆನ್ನಾಗಿ ಉಂಟು ಆದ್ರೆ ಕೊನೆಯ ಚರಣ ಹೇಳಿದ್ದನ್ನೇ ಹೇಳ್ತದೆ, ಯೋಚನೆ ಮಾಡಿ ಅಂತ. ಎತ್ತಿ ಬರೆದ ಪ್ರತಿಯಲ್ಲಿ ಆ ಚರಣ ಇಲ್ಲ! ಅದರ ಹಿಂದಿನದ್ದರಲ್ಲಿ ಅದರ ಮೇಲೆ ಎರಡು ಸಲ ಗೆರೆ ಎಳೆದು, ಒಂದು ಸಲ "ಇರಲಿ" ಅಂತ ಬರೆದು, ಪುನಃ ಅದನ್ನೂ ಹೊಡೆದಿದ್ದಾರೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ ಅದು. ಆ ಚರಣ ಇಲ್ಲದ್ದೇ ಅದರ ಶಕ್ತಿ ಅಂತ ನನಗೆ ಅವತ್ತು ಗೊತ್ತಾದದ್ದು. ಮದುವೆ ಕಾಗದದಲ್ಲಿ ಮದುವೆ ತಾರೀಕು ಇದ್ದದ್ದರಿಂದ ಪದ್ಯ ಯಾವಾಗ ಶುರು ಆಯ್ತು ಅಂತಲೂ ಅಂದಾಜು ಸಿಕ್ತು.

ಇನ್ನೊಂದು ಟ್ರಂಕಿನ ಕತೆ ಬೇರೆ. ಮನೆಯವರು ಒಳ್ಳೆ ಮನಸ್ಸಿಂದಲೇ ದೊಡ್ಡ ಹೆಸರಿನವರ ಕಾಗದ ಹೆಕ್ಕಿ ತೆಗೆದು ಒಂದು ಆಲ್ಬಮ್‌ಗೆ ಗಮ್ಮಲ್ಲಿ ಅಂಟಿಸಿದ್ರು, ಉಳಿದದ್ದು, ಅಂದ್ರೆ ಓದುಗರದ್ದು, ಶಿಷ್ಯರದ್ದು, ಸಣ್ಣ ಪತ್ರಿಕೆಯವರದ್ದು, ಎಲ್ಲ ಹೋಗಿ ಆಗಿತ್ತು. ಅಂಟಿಸಿದ ಕಾರ್ಡಿನ ಒಂದು ಬದಿ ಇನ್ನು ಕಾಣ್ಲಿಕ್ಕಿಲ್ಲ, ಪೋಸ್ಟಿನ ಮುದ್ರೆ ಇರೋದು ಆ ಬದಿಯಲ್ಲಿ. ಯಾವ ಕರಡಿನ ಜೊತೆ ಯಾವ ಕಾಗದ ಇತ್ತು ಅಂತ ಇನ್ನು ಯಾರೂ ಹೇಳ್ಲಿಕ್ಕೆ ಆಗೋದಿಲ್ಲ. ಮನೆಯವರಿಗೆ ಯಾರೂ ಹೇಳಿರಲಿಲ್ಲ, ಹೇಳ್ಬೇಕಾದವರು ಲೈಬ್ರರಿಯವರು, ಕನ್ನಡ ವಿಭಾಗದವರು, ಅಕಾಡೆಮಿಯವರು. ಕವಿ ಇಟ್ಟ ಕ್ರಮ ಕೆಡಿಸಬಾರದು ಅನ್ನೋದು ಆರ್ಕೈವ್ಸಿನ ಮೊದಲ ನಿಯಮ. ನಮಗೆ ಗಲೀಜು ಅಂತ ಕಾಣೋದು ಅವರಿಗೆ ವ್ಯವಸ್ಥೆ ಆಗಿರ್ತದೆ.

ಒಂದು ಕಾಲೇಜಿಗೆ ಮಾತಾಡಿದ್ವಿ. ಪುಸ್ತಕ ಆದ್ರೆ ಕೊಡಿ, ಬಿಡಿ ಕಾಗದ ರಿಜಿಸ್ಟರಿಗೆ ಹೇಗೆ ಹತ್ತಿಸೋದು ಅಂತ ಕೇಳಿದ್ರು. ನನಗೆ ಸಿಟ್ಟು ಬಂತು, ಈಗಲೂ ಉಂಟು. ಒಂದು ಹೊಸ ರಿಜಿಸ್ಟರು ತೆಗೆದು, ಇಂಥವರ ಸಂಗ್ರಹ, ಪೆಟ್ಟಿಗೆ 1, ಕಟ್ಟು 1, ಇಷ್ಟು ಹಾಳೆ ಅಂತ ಬರೀಲಿಕ್ಕೆ ಒಬ್ಬರು ಶ್ರದ್ಧೆ ಇರೋರು ಸಾಕು. ದಾನಪತ್ರ ಒಂದು ಸರಿಯಾಗಿ ಬರೆಸಿಕೊಳ್ಳಿ, ಯಾರು ಕೊಟ್ಟದ್ದು, ಯಾರು ನೋಡಬಹುದು, ಯಾವುದು ಈಗ ತೆರೀಬಾರದು ಅಂತ. ಇದಕ್ಕೆ ಕೋಟಿ ಬೇಡ. ಭವನ ಕಟ್ಟುವ ದುಡ್ಡಿನ ಸಣ್ಣ ಪಾಲು ಸಾಕು.

ಖರ್ಚು ಬರೋದು ನಮ್ಮ ಹವೆಯಿಂದ. ಮಳೆಗಾಲದಲ್ಲಿ ಕರಾವಳಿಯ ಗಾಳಿಯಲ್ಲಿ ತೇವ ಶೇಕಡಾ 85-90 ಸಾಮಾನ್ಯ, ಕಾಗದಕ್ಕೆ 65 ದಾಟಿ ಹಾಗೇ ನಿಂತ್ರೆ ಬೂಷ್ಟು ಹಿಡೀಲಿಕ್ಕೆ ಶುರು. ಹೊರಗೋಡೆಗೆ ತಾಗದ, ಮೇಲೆ ಬಾತ್‌ರೂಮ್ ಇಲ್ಲದ, ನೀರು ನುಗ್ಗದ ಒಂದು ರೂಮು, ತೇವ ಎಳೆಯೋ ಒಂದು ಮೆಷಿನ್, ನೆಲದಿಂದ ಎತ್ತರದಲ್ಲಿ ಕಬ್ಬಿಣದ ಕಪಾಟು, ಗೋಡೆಯಿಂದ ಸ್ವಲ್ಪ ದೂರ. ಹಗಲು ಎಸಿ ಹಾಕಿ ರಾತ್ರಿ ಬಂದ್ ಮಾಡೋದಾದ್ರೆ ಎಸಿಯೇ ಬೇಡ, ಆ ಏರಿಳಿತ ಕಾಗದಕ್ಕೆ ಇನ್ನೂ ಕಷ್ಟ. ಆಸಿಡ್ ಇಲ್ಲದ ಪೇಪರಿನ ಫೋಲ್ಡರು, ಪೆಟ್ಟಿಗೆ. ಗುಂಡುಪಿನ್ನು, ಸ್ಟೇಪಲ್ಲು, ರಬ್ಬರ್ ಬ್ಯಾಂಡು ಮೆಲ್ಲ ತೆಗೀರಿ. ಸೆಲ್ಲೋಟೇಪ್ ಹಾಕ್ಲೇಬೇಡಿ, ಕೆಲವೇ ವರ್ಷದಲ್ಲಿ ಅದರ ಗಮ್ಮು ಹಳದಿ ಆಗಿ ಅಕ್ಷರ ತಿಂತದೆ. ಮತ್ತೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ! ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದ್ರೆ ಹಾಳೆಗೆ ಪೆಟ್ಟಾಗದೆ ಬಿಡಿಸ್ಲಿಕ್ಕೆ ಆಗೋದಿಲ್ಲ, ಒಳಗಿನ ಕಾಗದ ಹಾಳಾಗೋದು ನಿಲ್ಲೋದೂ ಇಲ್ಲ.

ಸ್ಕ್ಯಾನ್ ಮಾಡಿದ್ರೆ ಸಾಕಲ್ಲ, ಕಾಗದ ಯಾಕೆ ಅಂತ ಯುವಕರು ಕೇಳ್ತಾರೆ. ಸ್ಕ್ಯಾನ್ ಖಂಡಿತ ಬೇಕು, ಪ್ರತಿ ಹಾಳೆಯ ಎರಡೂ ಬದಿ, ಖಾಲಿ ಬದಿಯೂ ಬೇಕು. ಆದ್ರೆ ನೀಲಿ ಶಾಯಿಯ ಮೇಲೆ ಪೆನ್ಸಿಲಲ್ಲಿ ತಿದ್ದಿದ್ದೋ, ಪೆನ್ಸಿಲ್ ಮೇಲೆ ಶಾಯಿ ಓಡಿಸಿದ್ದೋ ಅಂತ ಕೆಲವೊಮ್ಮೆ ಹಾಳೆ ಬೆಳಕಿಗೆ ಹಿಡಿದೇ ನೋಡ್ಬೇಕು. ಮತ್ತೆ ಫೈಲು ಅಮರ ಅಂತ ಯಾರು ಹೇಳಿದ್ದು? ಇಪ್ಪತ್ತು ವರ್ಷದ ಹಿಂದೆ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಪದ್ಯ ಇವತ್ತು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಈಗ ಬರೆಯೋ ಕವಿಗಳು ಫೋನಲ್ಲೇ ಬರೀತಾರೆ, ತಿದ್ದಿದ ಕೂಡಲೇ ಹಳೆ ಸಾಲು ಮಾಯ. ಅವರಿಗೂ ಹೇಳೋದು, ಹಳೆ ಫೈಲು ಎಲ್ಲ ಕಂಪ್ಯೂಟರಲ್ಲೂ ಓದ್ಲಿಕ್ಕೆ ಆಗೋ ಯುನಿಕೋಡಿಗೆ ಬದಲಿಸಿ, ಮೂಲ ಫೈಲೂ ಇಟ್ಕೊಳ್ಳಿ, ಕರಡಿಗೆ ತಾರೀಕು ಹಾಕಿ ಬೇರೆ ಬೇರೆ ಸೇವ್ ಮಾಡಿ.

ಕಾಗದದ ವಿಷಯದಲ್ಲಿ ಇನ್ನೊಂದು ಕಷ್ಟ ಉಂಟು. ಕವಿಗೆ ಬಂದ ಕಾಗದ ಕವಿಯ ಮನೆಯಲ್ಲಿ, ಕವಿ ಬರೆದದ್ದು ಊರೂರಲ್ಲಿ. ಕವಿ ಗೋಪಾಲಕೃಷ್ಣ ಅಡಿಗರು ಮೊಗೇರಿಯಲ್ಲಿ ಹುಟ್ಟಿ, ಮೈಸೂರು, ಸಾಗರ, ನಮ್ಮ ಉಡುಪಿ, ಬೆಂಗಳೂರು ಅಂತ ಇದ್ದವರು, 1962ರಿಂದ ‘ಸಾಕ್ಷಿ’ ಪತ್ರಿಕೆ ನಡೆಸಿದವರು. ಒಬ್ಬ ಸಂಪಾದಕ ಎಷ್ಟು ಹೊಸಬರಿಗೆ ಕಾರ್ಡು ಬರೆದಿರ್ತಾರೆ, ಅದೆಲ್ಲ ಪಡೆದವರ ಮನೆಯಲ್ಲೇ ಅಲ್ವಾ ಇರೋದು. ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ ಎಮಿಲಿ ಹೇಲ್ ಅನ್ನೋ ಹೆಂಗಸಿಗೆ ಬರೆದ 1,131 ಕಾಗದ ಆಕೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಟ್ರು, ಇಬ್ಬರೂ ತೀರಿಕೊಂಡು 50 ವರ್ಷ ಆಗುವವರೆಗೆ ತೆರೀಬಾರದು ಅಂತ ಮಾತು, 2020ರ ಜನವರಿಯಲ್ಲಿ ತೆರೆದ್ರು. ಆಕೆ ಎಲಿಯಟ್ಟರಿಗೆ ಬರೆದದ್ದನ್ನು ಮಾತ್ರ ಅವರು ಸುಡಿಸಿದ್ರು. ಹಾಗಾಗಿ ಈಗ ಓದಿದ್ರೆ ಒಂದೇ ದನಿ ಕೇಳೋದು, ಆಕೆ ಎಂತ ಹೇಳಿದ್ರು ಅಂತ ಇನ್ನು ಯಾವತ್ತೂ ಗೊತ್ತಾಗ್ಲಿಕ್ಕಿಲ್ಲ. ನನಗೆ ಇದು ತುಂಬ ನೋವಿನ ವಿಷಯ.

ಆದ್ರೆ ಬೀಗ ಹಾಕಿ ಇಡೋ ದಾರಿ ಉಂಟು ಅಂತ ಅದರಿಂದ ನಮಗೆ ಕಲೀಲಿಕ್ಕೆ ಉಂಟು. ಮನೆಯ ಜಗಳ, ಸಾಲ, ಪ್ರೀತಿ ಅಂತ ಇರ್ತದೆ, ಬದುಕಿದ್ದವರಿಗೆ ಮುಜುಗರ ಆಗ್ತದೆ ಅಂತ ಸುಡ್ಲಿಕ್ಕೆ ಹೊರಡ್ತಾರೆ. ಸುಡಬೇಡಿ, ಮುಚ್ಚಿದ ಲಕೋಟೆಯಲ್ಲಿ 30 ವರ್ಷ, 50 ವರ್ಷ ಅಂತ ಬರೆದು ಕೊಡಿ. ಕಾನೂನೂ ನಿಮ್ಮ ಕಡೆಗೇ ಉಂಟು, ಕಾಗದದ ಹಾಳೆ ಪಡೆದವರದ್ದು, ಆದ್ರೆ ಅದರಲ್ಲಿ ಬರೆದ ಮಾತಿನ ಕಾಪಿರೈಟ್ ಬರೆದವರದ್ದು, ಆಮೇಲೆ ಅವರ ವಾರಸುದಾರರದ್ದು. ಲೈಬ್ರರಿಗೆ ಕೊಟ್ಟ ಮಾತ್ರಕ್ಕೆ ಯಾರೂ ಅಚ್ಚು ಹಾಕ್ಲಿಕ್ಕೆ ಆಗೋದಿಲ್ಲ. ಅಚ್ಚಾದ ಪುಸ್ತಕಕ್ಕೆ ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರ ಕಾಲದಲ್ಲೇ ಬಂದ ಪುಸ್ತಕಗಳು 2024ರಿಂದ ಎಲ್ಲರದ್ದು. ಅಚ್ಚಾಗದ ಕರಡಿನ, ಕಾಗದದ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿಯೇ ದಾನಪತ್ರ ಬರೆಸೋದು ಒಳ್ಳೇದು.

ನಾನು ಹೇಳಿದ ಆ ಎರಡು ಟ್ರಂಕು ಈಗ ಮಗಳ ಮನೆಯ ಒಣ ಕೋಣೆಯಲ್ಲಿ ಉಂಟು. ಇನ್ನೊಂದು ಕಾಲೇಜಿನ ಕನ್ನಡ ವಿಭಾಗದವರು ಬಂದು ನೋಡಿ ಹೋಗಿದ್ದಾರೆ, ಆಡಳಿತ ಮಂಡಳಿಯಲ್ಲಿ ಮಾತಾಡ್ತೇವೆ ಅಂದಿದ್ದಾರೆ. ಪಟ್ಟಿ ಮಾಡೋ ಕೆಲಸ ಸಂಬಳ ಇಲ್ಲದೆ ನಾನು ಮಾಡಿಕೊಡ್ತೇನೆ ಅಂತ ಹೇಳಿದ್ದೇನೆ, ಕನ್ನಡ ಎಂಎ ಮಕ್ಕಳು ಇಬ್ಬರು ಜೊತೆಗೆ ಸಿಕ್ಕಿದ್ರೆ ಅವರಿಗೂ ಕೈಬರಹ ಓದಿ ಅಭ್ಯಾಸ ಆಗ್ತದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಯಾವ ಕವಿಯದ್ದಾದ್ರೂ ಕಾಗದ ಇದ್ರೆ, ದೊಡ್ಡ ಹೆಸರೇ ಆಗ್ಬೇಕೂಂತ ಇಲ್ಲ, ಬಿಸಾಡೋ ಮೊದಲು ನನಗೊಂದು ತಿಳಿಸಿ. ಕಟ್ಟು ಇದ್ದ ಹಾಗೇ ಇಡಿ, ಪಾಲು ಮಾಡಬೇಡಿ. ಕವರ್ ಸಮೇತ ಇಡಿ, ಮಕ್ಕಳ ಸ್ಟಾಂಪ್ ಕಲೆಕ್ಷನ್ನಿಗೆ ಮೂಲೆ ಕತ್ತರಿಸಿ ಕೊಡಬೇಡಿ, ಎಷ್ಟೋ ಕಾಗದಕ್ಕೆ ತಾರೀಕು ಇರೋದು ಆ ಮುದ್ರೆಯಲ್ಲಿ ಮಾತ್ರ.