ಕೊಡಗಿನ ರೇಡಿಯೋದಲ್ಲಿ ವಾರಕ್ಕೊಂದು ಗಂಟೆ ಜಾಝ್ ಬೇಕಾ? ಪರ – ವಿರೋಧ

ಸುಂಟಿಕೊಪ್ಪದ ಹೋಟ್ಲೊಂದ್ರಲ್ಲಿ ಕಾಫಿ ಕುಡೀತಾ ಶುರುವಾದ ಜಗಳ ಇದು. ರೇಡಿಯೋ, ಲೋಕಲ್ ಕೇಬಲ್ ಚಾನೆಲ್, ಯೂಟ್ಯೂಬ್ ಇವುಗಳಲ್ಲಿ ಜಾಝ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ) ಕೇಳಿಸಿ ಕೇಳಿಸಿ ಜನರನ್ನ ಹತ್ರ ತರಬಹುದಾ ಅನ್ನೋದು ಪ್ರಶ್ನೆ. ಬಿಲ್ ಕೊಟ್ರೂ ಮುಗೀಲಿಲ್ಲ, ಕೊನೆಗೆ ಇಬ್ರೂ ಬರ್ದೇ ಬಿಡೋಣ ಅಂತಾಯ್ತು.

ಪರ

ನಮ್ಮಪ್ಪ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು. ಜುಲೈ ಮಳೇಲಿ ಕರೆಂಟ್ ಹೋದ್ರೆ ಮೂರ್ ದಿನಕ್ಕೆ ಬಂದ್ರೆ ಪುಣ್ಯ, ಶೆಲ್ ಹಾಕಿದ ರೇಡಿಯೋ ಒಂದೇ ಗತಿ, ಒಂದಿನ ರಾತ್ರಿ ಶಾರ್ಟ್‌ವೇವಲ್ಲಿ ಮುಳ್ಳು ತಿರುಗಿಸ್ತಾ ಇದ್ದಾಗ ಆ ಗೊರಗೊರ ಸದ್ದಿನ ಮಧ್ಯೆ ತುತ್ತೂರಿ ತರ ಏನೋ ಕೇಳಿಸ್ತು, ಅದು ನಿಂತ್ಮೇಲೆ ಒಬ್ಬ ದಪ್ಪ ದನಿಯ ಮನುಷ್ಯ ಒಂದೊಂದೇ ಪದ ಬಿಡಿಸಿ ಇಂಗ್ಲಿಷ್ ಮಾತಾಡ್ದ, ಯಾರು ಏನು ನುಡಿಸಿದ್ದು ಅಂತ ಒಬ್ಬೊಬ್ರ ಹೆಸರೂ ಹೇಳ್ದ. ಕನ್ನಡ ಮೀಡಿಯಂ ಹುಡ್ಗ ನಂಗೂ ಅರ್ಥ ಆಯ್ತು!

ಅವನು ವಿಲಿಸ್ ಕೊನೋವರ್ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ವಾಯ್ಸ್ ಆಫ್ ಅಮೆರಿಕ ಅನ್ನೋ ರೇಡಿಯೋ ಸ್ಟೇಶನ್ನಲ್ಲಿ ಜಾಝ್ ಪ್ರೋಗ್ರಾಂ 1955ರಲ್ಲಿ ಶುರು ಮಾಡಿದ್ದು, 1996ರಲ್ಲಿ ತೀರ್ಕೊಳ್ಳೋವರ್ಗೂ ಮಾಡ್ದ. ಇಂಗ್ಲಿಷ್ ಬರ್ದೇ ಇರೋರಿಗೂ ತಿಳೀಲಿ ಅಂತ ಬೇಕಂತ್ಲೇ ನಿಧಾನಕ್ಕೆ ಮಾತಾಡ್ತಿದ್ದ. ರಷ್ಯಾ, ಪೋಲೆಂಡ್ ಕಡೆ ಅಮೆರಿಕ ಅಂದ್ರೆ ಶತ್ರು ಅಂತಿದ್ದ ಕಾಲ, ಅಲ್ಲಿನ ಹುಡುಗ್ರು ಕದ್ದು ಮುಚ್ಚಿ ಇವನ ಪ್ರೋಗ್ರಾಂ ಕೇಳೋರು, 1959ರಲ್ಲಿ ವಾರ್ಸಾಕ್ಕೆ ಹೋದ್ರೆ ಏರ್‌ಪೋರ್ಟಲ್ಲಿ ಜನವೋ ಜನ. ತಮಾಷೆ ಏನಂದ್ರೆ ಅವನ ಸ್ವಂತ ದೇಶದಲ್ಲಿ ಅವನು ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಆ ಸ್ಟೇಶನ್ನು ಅಮೆರಿಕದ ಒಳಗೆ ಪ್ರಸಾರ ಮಾಡೋ ಹಾಗಿರ್ಲಿಲ್ಲ. ಒಂದು ಮೈಕು, ಒಂದಷ್ಟು ರೆಕಾರ್ಡು, ಅಷ್ಟರಲ್ಲೇ ಇಷ್ಟೆಲ್ಲ ಆಯ್ತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಇಲ್ಲಿ ಜನ ಸೇರಲ್ಲ ಅಂತ ನಾನ್ ಹೇಳ್ತಿಲ್ಲ, ಚೆನ್ನಾಗೇ ಸೇರ್ತಾರೆ. 1997ರಲ್ಲಿ ಕರಡದಲ್ಲಿ 60 ಕುಟುಂಬದ ಟೀಮ್ ಇಟ್ಕೊಂಡು ಶುರುವಾದ ಕೊಡವ ಹಾಕಿ ಈಗ ಮುನ್ನೂರು ದಾಟಿದೆ, ಗೌಡ್ರಿಗೆ ಅವರ ಕ್ರಿಕೆಟ್ ಕಪ್, ಉಳಿದೋರಿಗೆ ಅವರವರ ಕ್ರೀಡಾಕೂಟ. ಆದ್ರೆ ಎಸ್ಟೇಟ್ ಕೂಲಿಯವ್ರ ಲೈನ್ ಮನೇಲಿರೋ ಅಸ್ಸಾಮಿನ ಹುಡ್ಗ, ಬುಡಕಟ್ಟಿನ ಯರವರ ಹುಡ್ಗಿ, ಮಲಯಾಳ ಮಾತಾಡೋ ಅಂಗಡಿಯವ್ರು, ಬೈಲಕುಪ್ಪೆಯಿಂದ ಕುಶಾಲನಗರಕ್ಕೆ ಸಾಮಾನಿಗೆ ಬರೋ ಟಿಬೆಟಿನವ್ರು, ಇವ್ರೆಲ್ಲ ನಮ್ಮ ಜೊತೆ ಕೂತು ಕೇಳೋ ಒಂದ್ ಹಾಡು ಯಾವ್ದು ಹೇಳಿ ನೋಡೋಣ? ಯಾರ ಹಾಡು ಹಾಕಿದ್ರೂ ಇನ್ನೊಬ್ರು "ನಮ್ದ್ಯಾಕೆ ಇಲ್ಲ" ಅಂತಾರೆ. ಜಾಝ್ ಇಲ್ಲಿ ಯಾರಪ್ಪನ ಮನೇದೂ ಅಲ್ಲ, ಅದೇ ಅದ್ರ ಲಾಭ. ಮುಕ್ಕಾಲುಪಾಲು ಅದಕ್ಕೆ ಮಾತೂ ಬೇಡ, ಬರೀ ವಾದ್ಯ ಸಾಕು.

ಪರದೇಶಿ ಸಂಗೀತ ನಮ್ಗ್ಯಾಕೆ ಅನ್ನೋರು ಒಂದ್ಸಲ ಸಂಪಾಜೆ ಘಾಟಿ ಇಳೀರಿ. ಬೆಲ್ಜಿಯಂನವನು 1846ರಲ್ಲಿ ಪೇಟೆಂಟ್ ಮಾಡಿಸ್ಕೊಂಡ ಸ್ಯಾಕ್ಸೊಫೋನು ದಕ್ಷಿಣ ಕನ್ನಡದಲ್ಲಿ ದೇವಸ್ಥಾನದ ಉತ್ಸವದಲ್ಲೂ ಮದ್ವೇಲೂ ಊದ್ತಾರೆ, ನಾಗಸ್ವರದ ಜಾಗದಲ್ಲೇ ಕೂತ್ಬಿಟ್ಟಿದೆ. ಕದ್ರಿ ಗೋಪಾಲನಾಥ್ ನಾಗಸ್ವರದ ಮನೆಯವ್ರು, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ್ರು, ಆಮೇಲೆ ಅದ್ರಲ್ಲೇ ಕರ್ನಾಟಕ ಸಂಗೀತ ಕಟ್ಟಿದ್ರು, ಜಾಝ್‌ನವ್ರ ಜೊತೆಗೂ ನುಡಿಸಿದ್ರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವ್ರು, ಆರ್.ಎ. ರಮಾಮಣಿಯವ್ರು ಹಾಡಿ, ಚಾರ್ಲಿ ಮರಿಯಾನೋ ಅನ್ನೋ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕರ ಜೊತೆ ವರ್ಷಗಟ್ಲೆ ಕೆಲ್ಸ ಮಾಡಿದ್ದಾರೆ. ದುಡಿ ಬಾರಿಸ್ತಾ ಹಾಡೋ ನಮ್ಮ ಕೊಡವ ದುಡಿಕೊಟ್ಟ್ ಪಾಟ್ ಕೇಳಿ, ಇಬ್ರು ಒಂದು ಸಾಲು ಎತ್ತಿಕೊಡ್ತಾರೆ, ಇನ್ನಿಬ್ರು ಅದನ್ನ ಹಿಡೀತಾರೆ. ಜಾಝ್ ಹುಟ್ಟಿದ್ದೂ ಹೀಗೆ ಒಬ್ರು ಕರೆದು ಇನ್ನೊಬ್ರು ಓಗೊಡೋ ಹಾಡಿಂದ್ಲೇ.

ಮಡಿಕೇರಿ ಆಕಾಶವಾಣಿ ಕನ್ನಡ, ಕೊಡವ, ಅರೆಭಾಷೆ ಮೂರೂ ಸುಧಾರಿಸ್ತಾ ಇದೆ. ವಾರಕ್ಕೊಂದು ಗಂಟೆ ಯಾವ ಭಾಷೆದೂ ಅಲ್ದೇ ಇರ್ಲಿ ಅಂತೀನಿ, ಅಷ್ಟೇ.

ವಿರೋಧ

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಜಾಝ್ ಅಂದ್ರೆ ಪ್ರಾಣ. ಬೆಂಗ್ಳೂರಲ್ಲಿದ್ದಾಗ ಹಿಡಿದ ಹುಚ್ಚು, ಗೋಣಿಕೊಪ್ಪಕ್ಕೆ ವಾಪಸ್ ಬಂದ್ರೂ ಬಿಟ್ಟಿಲ್ಲ, ಕಾಫಿ ಕಣದಲ್ಲಿ ಹೆಡ್‌ಫೋನ್ ಹಾಕ್ಕೊಂಡು ನಿಂತಿದ್ರೆ ಆಳುಗಳು ನಗ್ತಾರೆ. ನನ್ನ ತಕರಾರು ಹಾಡಿನ ಮೇಲಲ್ಲ, "ಜನರನ್ನ ಒಂದು ಮಾಡುತ್ತೆ" ಅನ್ನೋ ಲೇಬಲ್ ಮೇಲೆ.

ಕೊನೋವರ್ ಕತೆ ಚೆಂದ. ಆದ್ರೆ ಆ ರೇಡಿಯೋ ಯಾರ ದುಡ್ಡಲ್ಲಿ ನಡೀತಿತ್ತು ಅಂತ ನಮ್ಮ ಸ್ನೇಹಿತ್ರು ಬರೀಲಿಲ್ಲ. ಅಮೆರಿಕ ಸರ್ಕಾರದ್ದು ಅದು. 1956ರಿಂದ ಡಿಝಿ ಗಿಲೆಸ್ಪಿ, 1958ರಲ್ಲಿ ಡೇವ್ ಬ್ರೂಬೆಕ್ (ಇವ್ರು ಭಾರತಕ್ಕೂ ಬಂದಿದ್ರು) ಹೀಗೆ ಒಬ್ಬೊಬ್ಬ ಜಾಝ್ ವಾದಕರನ್ನ ದೇಶ ದೇಶಕ್ಕೆ ಕಳಿಸಿ ನೋಡಿ ನಮ್ಮಲ್ಲಿ ಕರಿಯರು ಬಿಳಿಯರು ಎಷ್ಟು ಚೆನ್ನಾಗಿದ್ದಾರೆ ಅಂತ ತೋರಿಸ್ತಿದ್ರು, ಅದೇ ಹೊತ್ತಿಗೆ 1957ರಲ್ಲಿ ಲಿಟ್ಲ್ ರಾಕ್ ಅನ್ನೋ ಊರಲ್ಲಿ ಕಪ್ಪು ಮಕ್ಕಳನ್ನ ಸ್ಕೂಲ್ ಗೇಟಲ್ಲೇ ತಡೆದ್ರು, ಕಪ್ಪು ಜನಾಂಗದ ಜಾಝ್ ತುತ್ತೂರಿಗಾರ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಸಿಟ್ಟು ಬಂದು ಸರ್ಕಾರದ ಪರವಾಗಿ ರಷ್ಯಾಕ್ಕೆ ಹೋಗಲ್ಲ ಅಂದ್ಬಿಟ್ರು. ಇನ್ನೂ ಹಿಂದೆ ಹೋದ್ರೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಾಟನ್ ಕ್ಲಬ್ ಅಂತಿತ್ತು, 1927ರಿಂದ ಜಾಝ್ ಬ್ಯಾಂಡಿನ ಡ್ಯೂಕ್ ಎಲಿಂಗ್ಟನ್ ಅಲ್ಲಿ ನುಡಿಸಿದ್ರು, ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸ್ತಿತ್ತು. ನುಡಿಸೋರು ಕಪ್ಪು ಜನ, ಕೂತ್ಕೊಂಡು ಕೇಳೋಕೆ ಬಿಳಿಯರಿಗೆ ಮಾತ್ರ ಪ್ರವೇಶ! ಕಿವಿ ಒಂದಾಗಿತ್ತು, ಬೆಂಚು ಒಂದಾಗಿರ್ಲಿಲ್ಲ.

ಇದನ್ನ ಓದ್ದಾಗ ನಂಗೆ ನೆನಪಾಗಿದ್ದು ನಮ್ಮ ಮದ್ವೆಮನೆ. ವಾಲಗ ಶುರುವಾದ್ರೆ ಕೊಡಗಲ್ಲಿ ಕಾಲು ನಿಲ್ಲಲ್ಲ, ಯಾವ ಜಾತಿ ಅಂತ ಕೇಳೋರಿಲ್ಲ, ಬೆಂಗ್ಳೂರಿಂದ ಬಂದ ನೆಂಟ್ರೂ ಎರಡು ಪೆಗ್ಗಿಗೆ ಎದ್ದು ಕುಣೀತಾರೆ. ಜನನ ಒಂದು ಮಾಡೋ ಸಂಗೀತ ಬೇಕಿದ್ರೆ ಅದು ಇಲ್ಲೇ ಇದೆ ಮಾರಾಯ. ಆದ್ರೆ ಬಾರಿಸೋರು ಯಾರು? ಎಷ್ಟೋ ಕಡೆ ಮೇದರು, ಇಲ್ಲಾ ಬೇರೆ ಬಡವ್ರ ಮನೆಯವ್ರು. ಅವ್ರು ಊಟಕ್ಕೆ ಕೂರೋದು ಎಲ್ರದ್ದೂ ಮುಗಿದ್ಮೇಲೆ. ಕಾರ್ಡಲ್ಲಿ ಮದುಮಕ್ಕಳ ಮನೆತನ, ಅಜ್ಜಂದಿರು, ಹಾಲ್ ಹೆಸ್ರು ಎಲ್ಲ ಇರುತ್ತೆ, ವಾಲಗದವ್ರ ಹೆಸ್ರು ಇರಲ್ಲ. ನಾನೇ ನಮ್ಮ ಮನೆ ಮದ್ವೇಲಿ ಮೂರು ಗಂಟೆ ಕುಣಿದಿದ್ದೀನಿ, ಆ ಕೊಂಬು ಊದಿದ ಹಿರಿಯರ ಹೆಸ್ರು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ. ಇಷ್ಟು ಹತ್ರದ ಸಂಗೀತ ಮಾಡಕ್ಕಾಗ್ದೇ ಇರೋದನ್ನ ನ್ಯೂ ಆರ್ಲಿಯನ್ಸಿಂದ ಬಂದಿದ್ದು ಎಫ್‌ಎಮ್ಮಲ್ಲಿ ಮಾಡುತ್ತಾ?

"ಯಾರಪ್ಪನ ಮನೇದೂ ಅಲ್ಲ" ಅನ್ನೋ ಮಾತಿಗೂ ನಂದು ಆಕ್ಷೇಪ ಇದೆ. ಯಾರದೂ ಅಲ್ಲ ಅಂದ್ರೆ ಯಾರೂ ಹಚ್ಚಲ್ಲ ಅಂತ್ಲೂ ಆಗುತ್ತೆ. ಆ ಅಸ್ಸಾಮಿನ ಹುಡುಗನ ಫೋನಲ್ಲಿ ಬಿಹು ಹಾಡಿದೆ, ಅವ್ನಿಗೆ ಅದು ಸಾಕು. ಕೊನೆಗೆ ಜಾಝ್ ಉಳಿಯೋದು ಹೋಮ್‌ಸ್ಟೇ ವರಾಂಡದಲ್ಲಿ, ವೀಕೆಂಡಿಗೆ ಬಂದ ಟೂರಿಸ್ಟುಗಳ ವೈನ್ ಗ್ಲಾಸ್ ಪಕ್ಕ. ಯುನೆಸ್ಕೋದವ್ರು 2011ರಲ್ಲಿ ಏಪ್ರಿಲ್ 30ನ್ನ ಅಂತಾರಾಷ್ಟ್ರೀಯ ಜಾಝ್ ದಿನ ಅಂತ ಮಾಡಿದ್ರು, ಒಳ್ಳೇದೇ, ಆದ್ರೆ ಏಪ್ರಿಲ್ ಕೊನೇಲಿ ಇಲ್ಲಿ ಯಾರನ್ನ ಕೇಳಿದ್ರೂ ಹಾಕಿ, ಇಲ್ಲಾ ಮದ್ವೆ.

ಇನ್ನು ಮೇಲಿಂದ ಹಾಕಿದ ಸಂಗೀತದ ಗತಿ ಏನಾಗುತ್ತೆ ಅನ್ನೋದಕ್ಕೆ ನಮ್ಮ ಆಕಾಶವಾಣೀದೇ ಕತೆ ಇದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿ ಆದ್ರು, ಸಿನಿಮಾ ಹಾಡು ಕೀಳು ಅಭಿರುಚಿ ಅಂತ ಅದನ್ನ ಹೆಚ್ಚುಕಮ್ಮಿ ನಿಲ್ಸಿ ಶಾಸ್ತ್ರೀಯ ಸಂಗೀತ ಜಾಸ್ತಿ ಮಾಡ್ಸಿದ್ರು. ಜನ ಸುಧಾರಿಸಿದ್ರಾ? ಮುಳ್ಳು ತಿರುಗ್ಸಿ ಸಿನಿಮಾ ಹಾಡು ಹಾಕ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಹಿಡಿದ್ರು. ಕೊನೆಗೆ 1957ರಲ್ಲಿ ಇವ್ರೇ ವಿವಿಧ ಭಾರತಿ ಶುರು ಮಾಡ್ಬೇಕಾಯ್ತು. ಕದ್ರಿಯವ್ರ ಸ್ಯಾಕ್ಸೊಫೋನ್ ಮಾತು ನಾನೂ ಒಪ್ತೀನಿ, ಆದ್ರೆ ಅದನ್ನ ಯಾವ ಮೀಡಿಯಾನೂ ಪ್ರಚಾರ ಮಾಡಿ ದೇವಸ್ಥಾನಕ್ಕೆ ತರ್ಲಿಲ್ಲ, ನುಡಿಸೋ ಜನಕ್ಕೆ ಬೇಕಾಗಿತ್ತು, ತಗೊಂಡ್ರು.

ಕೊನೋವರ್‌ನಿಂದ ಒಂದೇ ಒಂದು ವಿಷ್ಯ ತಗೊಳ್ಳೋದಾದ್ರೆ ಆ ಹೆಸರು ಹೇಳೋ ಅಭ್ಯಾಸ ತಗೊಳ್ಳಿ. ಆ ಒಂದು ಗಂಟೆನ ಮೊದ್ಲು ವಾಲಗದವ್ರಿಗೆ ಕೊಡಿ, ಸ್ಟುಡಿಯೋಗೆ ಕರ್ದು ದುಡ್ಡು ಕೊಟ್ಟು ನುಡಿಸಿ, ಕೊಂಬು ಊದಿದ್ದು ಯಾರು, ಕೊಟ್ಟ್ ಬಾರಿಸಿದ್ದು ಯಾರು, ಯಾವ ಊರು, ಯಾರ ಹತ್ರ ಕಲ್ತಿದ್ದು, ನಿಧಾನಕ್ಕೆ ಒಂದೊಂದೇ ಹೆಸ್ರು ಬಿಡಿಸಿ ಹೇಳಿ. ಆಮೇಲೆ ಹತ್ತು ನಿಮಿಷ ಉಳಿದ್ರೆ ಎಲಿಂಗ್ಟನ್ ಹಾಕಿ, ನಾನೂ ರೇಡಿಯೋ ಹಚ್ತೀನಿ.